ಹನ್ನೊಂದೇ ಮಕ್ಕಳಿರುವ ಅಂಗನವಾಡಿ ಉಳಿಯುತ್ತದೆಯೇ?

ಪ್ರಶ್ನೆ: ನಾನು ಚಿಕ್ಕವಳಿದ್ದಾಗ ನಮ್ಮೂರ ಅಂಗನವಾಡಿಯಲ್ಲಿ ಕೂರಲು ಜಾಗವಿರುತ್ತಿರಲಿಲ್ಲ. ಈಗ ಹನ್ನೊಂದು ಮಕ್ಕಳು ಬರುತ್ತಾರೆ. ಟೀಚರ್ ಒಬ್ಬರೇ, ಸಹಾಯಕಿಯ ಜಾಗ ಖಾಲಿ ಬಿದ್ದು ಬಹಳ ದಿನವಾಯಿತು. ಮಕ್ಕಳು ಕಡಿಮೆಯಾದರೆ ಮುಚ್ಚಿಬಿಡುತ್ತಾರೆ ಅನ್ನುತ್ತಾರೆ, ನಿಜವೇ? ಇದಕ್ಕೆ ಹಣ ಎಲ್ಲಿಂದ, ಯಾವ ಲೆಕ್ಕದಲ್ಲಿ ಬರುತ್ತದೆ? ನನ್ನ ಮಗನಿಗೆ ಮೂರು ವರ್ಷ ತುಂಬಿತು. ಕಾನ್ವೆಂಟಿನ ವ್ಯಾನು ಮನೆ ಬಾಗಿಲಿಗೇ ಬರುತ್ತದೆ. ಅವನನ್ನು ಎಲ್ಲಿಗೆ ಸೇರಿಸಲಿ?
– ಒಬ್ಬ ತಾಯಿ, ಬಯಲುಸೀಮೆಯ ಹಳ್ಳಿಯಿಂದ

ಉತ್ತರ: ಅಂಗನವಾಡಿಯನ್ನು ಮಂಜೂರು ಮಾಡುವುದು ಊರಿನ ಜನಸಂಖ್ಯೆ ನೋಡಿ. ಚಾಪೆಯ ಮೇಲೆ ಇವತ್ತು ಎಷ್ಟು ಮಕ್ಕಳು ಕೂತಿದ್ದಾರೆ ಎಂಬುದು ಅದಕ್ಕೆ ಆಧಾರವಲ್ಲ. ಹಾಗಾಗಿ ಹನ್ನೊಂದು ಮಕ್ಕಳಿದ್ದಾರೆ ಎಂದ ಮಾತ್ರಕ್ಕೆ ನಾಳೆಯೇ ಬೀಗ ಬೀಳುತ್ತದೆ ಎಂದು ಹೆದರಬೇಕಿಲ್ಲ. ಆದರೆ ಮಕ್ಕಳು ಕಡಿಮೆಯಾದ ಕೇಂದ್ರ ಬೇರೆ ರೀತಿಯಲ್ಲಿ ಸೊರಗುತ್ತದೆ. ಊಟದ ಹಣ ಇಳಿಯುತ್ತದೆ, ಖಾಲಿ ಹುದ್ದೆ ತುಂಬುವ ಅವಸರ ಯಾರಿಗೂ ಇರುವುದಿಲ್ಲ, ಪಕ್ಕದ ಕೇಂದ್ರದೊಂದಿಗೆ ಸೇರಿಸುವ ಮಾತು ಏಳುತ್ತದೆ. ನೀವು ಕೇಳಿರುವ ಮೂರೂ ವಿಷಯ, ಅಂದರೆ ದಾಖಲಾತಿ, ಸಿಬ್ಬಂದಿ, ಹಣ, ಒಂದಕ್ಕೊಂದು ಗಂಟು ಬಿದ್ದಿವೆ. ಆ ಗಂಟಿನ ತುದಿ ಇರುವುದು ಸಿಬ್ಬಂದಿಯ ಕಡೆ ಎಂಬುದು ನನ್ನ ಖಚಿತ ಅಭಿಪ್ರಾಯ.

ದಾಖಲಾತಿಯ ಲೆಕ್ಕ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕ್‌ಗಳಲ್ಲಿ ಪ್ರಯೋಗವಾಗಿ. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ.ನರಸೀಪುರ. ಅಲ್ಲಿ ನೂರು ಕೇಂದ್ರಗಳಿಂದ ಶುರುವಾದ ಕೆಲಸ ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಾಗಿ ಹರಡಿದೆ. ಸಾಮಾನ್ಯ ಪ್ರದೇಶದಲ್ಲಿ 400ರಿಂದ 800 ಜನಕ್ಕೆ ಒಂದು ಅಂಗನವಾಡಿ, 150ರಿಂದ 400 ಜನರ ಸಣ್ಣ ಜನವಸತಿಗೆ ಒಂದು ಮಿನಿ ಅಂಗನವಾಡಿ ಎಂಬುದು ನಿಯಮ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಿಗೆ ಮಿತಿ ಇನ್ನೂ ಸಡಿಲ.

ಇದರ ಜೊತೆಗೆ ಸುಪ್ರೀಂ ಕೋರ್ಟಿನ ಒಂದು ಆದೇಶವೂ ನಿಮಗೆ ತಿಳಿದಿರಲಿ. ಆಹಾರದ ಹಕ್ಕಿನ ಪ್ರಕರಣದಲ್ಲಿ 2006ರ ಡಿಸೆಂಬರ್ 13ರಂದು ಬಂದ ಆ ಆದೇಶದ ಪ್ರಕಾರ, ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಊರು ಅಥವಾ ಕೊಳೆಗೇರಿಯವರು ಬೇಡಿಕೆ ಇಟ್ಟರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು. ಇಲ್ಲಿ ಎಣಿಸುವುದು ಮೂರರಿಂದ ಆರು ವರ್ಷದವರನ್ನಷ್ಟೇ ಅಲ್ಲ, ಹಸುಗೂಸಿನಿಂದ ಹಿಡಿದು ಎಲ್ಲರನ್ನೂ.

ಅಂಗನವಾಡಿಯ ದಾಖಲಾತಿ ಎಂದರೆ ಬಂದು ಕೂರುವ ಮಕ್ಕಳಷ್ಟೇ ಎಂದುಕೊಳ್ಳುವುದು ಸಾಮಾನ್ಯ. ಆದರೆ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳು ಮನೆಗೆ ಒಯ್ಯುವ ಆಹಾರದ ಪಟ್ಟಿಯಲ್ಲಿ ಇರುತ್ತಾರೆ. ಗರ್ಭಿಣಿಯರು, ಬಾಣಂತಿಯರ ಹೆಸರೂ ಅದೇ ಕೇಂದ್ರದಲ್ಲಿ ಇರುತ್ತದೆ. ಚುಚ್ಚುಮದ್ದು, ತೂಕ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ ಎಲ್ಲವೂ ಆ ಒಂದು ಕೋಣೆಯ ಹೊಣೆ. ಹನ್ನೊಂದು ಮಕ್ಕಳು ಕೂರುವ ಕೇಂದ್ರದ ಮೇಲೆ ಅದರ ಮೂರು ನಾಲ್ಕು ಪಟ್ಟು ಜನ ಅವಲಂಬಿಸಿರುವುದು ಸಾಧ್ಯ.

ಹಾಗಾದರೆ ನೀವು ಕೂತಿದ್ದ ಕಾಲದ ಕಿಕ್ಕಿರಿದ ಮಕ್ಕಳು ಎಲ್ಲಿ ಹೋದರು? ಒಂದಷ್ಟು ಮಕ್ಕಳು ಹುಟ್ಟಲೇ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 1992-93ರಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ ಮೂವರಿಗೆ ಹತ್ತಿರ ಮಕ್ಕಳಾಗುತ್ತಿದ್ದರು. 2019-21ರ ಸಮೀಕ್ಷೆಯ ಹೊತ್ತಿಗೆ ಅದು 1.7ಕ್ಕೆ ಇಳಿದಿತ್ತು. ಈಗ ರಾಜ್ಯದಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಹದಿನಾರರ ಆಸುಪಾಸು ಮಕ್ಕಳು ಹುಟ್ಟುತ್ತಾರೆ. ನಿಮ್ಮ ಊರು 600 ಜನರದು ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಹತ್ತು ಮಕ್ಕಳು ಹುಟ್ಟಿದರೆ ಮೂರರಿಂದ ಆರರ ನಡುವಿನವರು ಮೂವತ್ತರಷ್ಟು ಆದರು. ದುಡಿಯುವ ವಯಸ್ಸಿನ ಗಂಡ ಹೆಂಡತಿ ಬೆಂಗಳೂರಿಗೋ ತುಮಕೂರಿಗೋ ಹೋಗಿದ್ದರೆ ಅವರ ಮಕ್ಕಳೂ ಹೋಗಿರುತ್ತಾರೆ. ಉಳಿದವರಲ್ಲಿ ಹನ್ನೊಂದು ಮಂದಿ ಅಂಗನವಾಡಿಯಲ್ಲಿ, ಒಂದಷ್ಟು ಮಂದಿ ವ್ಯಾನಿನಲ್ಲಿ, ಇನ್ನೊಂದಷ್ಟು ಮಂದಿ ಅಜ್ಜಿಯ ಜೊತೆ ಮನೆಯಲ್ಲಿ. ಮಕ್ಕಳ ಸಂಖ್ಯೆ ಇಳಿದಿದ್ದಕ್ಕೆಲ್ಲ ಟೀಚರನ್ನು ದೂರುವುದು ನ್ಯಾಯವಲ್ಲ. ಆದರೆ ವ್ಯಾನು ಹತ್ತಿದ ಮಕ್ಕಳ ಬಗ್ಗೆ ಮಾತ್ರ ಊರೂ ಸರ್ಕಾರವೂ ಗಂಭೀರವಾಗಿ ಯೋಚಿಸಬೇಕು, ಯಾಕೆಂದರೆ ಅವರನ್ನು ಮರಳಿ ಕರೆತರಲು ಸಾಧ್ಯವಿದೆ.

ಒಬ್ಬ ಟೀಚರ್, ಹತ್ತು ಕೆಲಸ

ಒಂದು ಪೂರ್ಣ ಪ್ರಮಾಣದ ಅಂಗನವಾಡಿಗೆ ಮಂಜೂರಾದ ಹುದ್ದೆ ಎರಡೇ: ಕಾರ್ಯಕರ್ತೆ ಮತ್ತು ಸಹಾಯಕಿ. ಮಿನಿ ಅಂಗನವಾಡಿಯಲ್ಲಾದರೆ ಕಾರ್ಯಕರ್ತೆ ಒಬ್ಬರೇ. ಇವರ ಮೇಲೆ ಮೇಲ್ವಿಚಾರಕಿ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ. ಕಾರ್ಯಕರ್ತೆ ಅದೇ ಊರಿನ ಅಥವಾ ವಾರ್ಡಿನ ಹೆಣ್ಣುಮಗಳಾಗಿರಬೇಕು ಎಂಬ ನಿಯಮ ಒಳ್ಳೆಯದು. ಯಾವ ಮನೆಯಲ್ಲಿ ಯಾರು ಬಸುರಿ, ಯಾವ ಮಗು ಮೈಗೆ ಹತ್ತದೆ ಸೊರಗಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ರಾಷ್ಟ್ರೀಯ ಆರಂಭಿಕ ಬಾಲ್ಯದ ಆರೈಕೆ ಮತ್ತು ಶಿಕ್ಷಣ ನೀತಿ 2013ರಲ್ಲಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬ ವಯಸ್ಕರು ಇರಬೇಕು ಎಂದಿತು. ನಿಮ್ಮೂರಿನಲ್ಲಿ ಹನ್ನೊಂದಕ್ಕೆ ಒಬ್ಬರಿದ್ದಾರೆ. ಕಾಗದದ ಮೇಲೆ ಇದು ಯಾವುದೇ ದುಬಾರಿ ನರ್ಸರಿಗೆ ಸಮ. ಆದರೆ ಆ ಒಬ್ಬರು ದಿನವಿಡೀ ಮಕ್ಕಳ ಮುಂದೆ ಇರುತ್ತಾರೆಯೇ ಎಂದು ನೋಡಬೇಕು.

ಸಹಾಯಕಿ ಇಲ್ಲದ ಕೇಂದ್ರದ ಒಂದು ಬೆಳಿಗ್ಗೆಯನ್ನು ಹೀಗೆ ಊಹಿಸಿಕೊಳ್ಳಿ. ಬಾಗಿಲು ತೆಗೆದು ಕಸ ಗುಡಿಸಿ, ಕುಡಿಯುವ ನೀರು ತುಂಬಬೇಕು. ಬಾರದ ಮಕ್ಕಳ ಮನೆಗೆ ಹೋಗಿ ಕರೆತರಬೇಕು. ಹಾಲಿನ ಪುಡಿ ಕದಡಿ ಕಾಯಿಸಬೇಕು, ಅಕ್ಕಿ ಬೇಳೆ ತೊಳೆದು ಕುಕ್ಕರ್ ಇಡಬೇಕು. ಅಷ್ಟರಲ್ಲಿ ಇಬ್ಬರು ಮಕ್ಕಳು ಜಗಳ ಆಡಿರುತ್ತಾರೆ, ಒಬ್ಬನ ಚಡ್ಡಿ ಒದ್ದೆಯಾಗಿರುತ್ತದೆ. ಹಾಡು ಹೇಳಿಸಲು ಕೂತರೆ ತಾಯಿ ಕಾರ್ಡು ಹಿಡಿದು ಬಾಣಂತಿಯೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆಪ್‌ನಲ್ಲಿ ಹಾಜರಿ, ಊಟ, ತೂಕ, ಎತ್ತರ ಎಲ್ಲ ತುಂಬಬೇಕು. ನೆಟ್‌ವರ್ಕ್ ಸಿಗದಿದ್ದರೆ ಮೊಬೈಲ್ ಹಿಡಿದು ಅಂಗಳಕ್ಕೆ ಬರಬೇಕು. ಸಮೀಕ್ಷೆ, ಸಭೆ, ಮತದಾರರ ಪಟ್ಟಿಯ ಕೆಲಸ ಇದರ ಮೇಲೆ. ಇಷ್ಟೆಲ್ಲ ಮುಗಿಸಿ ಪಾಠಕ್ಕೆ ಉಳಿಯುವುದು ಎಷ್ಟು ಹೊತ್ತು?

2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೋಷಣೆಯ ಜೊತೆಗೆ ಪಾಠವೂ ಎಂಬ ಕಾರ್ಯಕ್ರಮ ತಂದು, ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಶಿಕ್ಷಣ ನಡೆಯಬೇಕು ಎಂದಿತು. ಸಹಾಯಕಿ ಇರುವ ಕೇಂದ್ರದಲ್ಲಿ ಇದು ಸಾಧ್ಯ. ಸಹಾಯಕಿ ಇಲ್ಲದ ಕಡೆ ಆ ಎರಡು ಗಂಟೆ ಒಲೆಯ ಮುಂದೆ ಕಳೆದುಹೋಗುತ್ತದೆ. ತಂದೆ ತಾಯಂದಿರ ಕಣ್ಣಿಗೆ ಬೀಳುವುದು ಅದೇ: ಮಕ್ಕಳು ತಿಂದು, ಮಲಗಿ ಬರುತ್ತಾರೆ, ಕಲಿಯುವುದಿಲ್ಲ. ಆಗ ವ್ಯಾನು ಬರುತ್ತದೆ. ದಾಖಲಾತಿ ಕುಸಿಯಲು ಜನನ ಪ್ರಮಾಣದ ಜೊತೆಗೆ ಇದೂ ಕಾರಣ. ಸಹಾಯಕಿಯ ಒಂದು ಖಾಲಿ ಹುದ್ದೆ ಹಲವು ಮಕ್ಕಳನ್ನು ಕೇಂದ್ರದಿಂದ ಹೊರಗೆ ಕಳಿಸಬಲ್ಲದು.

ಹಣ ಬರುವ ದಾರಿ

ಹಣ ಎರಡು ಬೇರೆ ಲೆಕ್ಕದಲ್ಲಿ ಬರುತ್ತದೆ, ಅವುಗಳನ್ನು ಬೆರೆಸಬಾರದು. ಒಂದು ಅಂಗನವಾಡಿಯ ಲೆಕ್ಕ, ಇನ್ನೊಂದು ತಲೆಯ ಲೆಕ್ಕ.

ಕಾರ್ಯಕರ್ತೆ, ಸಹಾಯಕಿಯರ ಗೌರವಧನ ಅಂಗನವಾಡಿಯ ಲೆಕ್ಕಕ್ಕೆ ಸೇರಿದ್ದು. ಮಕ್ಕಳು ಹತ್ತಿರಲಿ ಮೂವತ್ತಿರಲಿ ಅದು ಬದಲಾಗುವುದಿಲ್ಲ. 2018ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಮಿನಿ ಕೇಂದ್ರದವರಿಗೆ 3,500, ಸಹಾಯಕಿಗೆ 2,250. ಇದರಲ್ಲೂ ಕೇಂದ್ರ ಕೊಡುವುದು ನೂರಕ್ಕೆ 60, ರಾಜ್ಯ 40. ಅಂದರೆ ಒಬ್ಬ ಕಾರ್ಯಕರ್ತೆಗೆ ದೆಹಲಿಯಿಂದ ಬರುವುದು 2,700 ರೂಪಾಯಿ. ಇದರ ಮೇಲೆ ಪ್ರತಿ ರಾಜ್ಯ ತನ್ನ ಶಕ್ತಿಗೆ ತಕ್ಕಂತೆ ಸೇರಿಸುತ್ತದೆ. ಕರ್ನಾಟಕದಲ್ಲಿ ರಾಜ್ಯದ ಪಾಲೇ ದೊಡ್ಡದು. 2025-26ರ ಬಜೆಟ್‌ನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ ಹೆಚ್ಚಿಸಲಾಯಿತು. ಹೆಚ್ಚಿಸಿದ ಮೇಲೂ ಇದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರ ಸಂಬಳದ ಹತ್ತಿರಕ್ಕೂ ಬರುವುದಿಲ್ಲ.

ಊಟದ ಹಣ ತಲೆಯ ಲೆಕ್ಕದ್ದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಮೂರರಿಂದ ಆರು ವರ್ಷದ ಮಗುವಿಗೆ ಬೆಳಗಿನ ತಿಂಡಿ ಮತ್ತು ಬಿಸಿಯೂಟ ಸಿಗಬೇಕು; 2013ರಲ್ಲಿ ನಿಗದಿಯಾಗಿದ್ದ ಪ್ರಮಾಣ ಎರಡೂ ಸೇರಿ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್. ಇದು ದಯೆಯಿಂದ ಕೊಡುವುದಲ್ಲ, ಕಾನೂನಿನ ಹಕ್ಕು. ಇದಕ್ಕಾಗಿ 2017ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ದರ ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆಯ ಮಗುವಿಗೆ 12. ವೆಚ್ಚದಲ್ಲಿ ಕೇಂದ್ರ, ರಾಜ್ಯ ಅರ್ಧರ್ಧ. ವರ್ಷಕ್ಕೆ 300 ದಿನ ಊಟ ಎಂದರೆ ಒಂದು ಮಗುವಿಗೆ 2,400 ರೂಪಾಯಿ.

ನಿಮ್ಮ ಕೇಂದ್ರಕ್ಕೆ ಈ ಲೆಕ್ಕ ಹಾಕಿ ನೋಡಿ. ಹನ್ನೊಂದು ಮಕ್ಕಳು, ದಿನಕ್ಕೆ 8 ರೂಪಾಯಿ, ತಿಂಗಳಿಗೆ 25 ದಿನ: ಒಟ್ಟು 2,200 ರೂಪಾಯಿ. ಇಪ್ಪತ್ತೈದು ಮಕ್ಕಳಿದ್ದರೆ 5,000. ಹನ್ನೊಂದು ಮಂದಿಗೆ ಬೇಯಿಸಿದರೂ ಇಪ್ಪತ್ತೈದು ಮಂದಿಗೆ ಬೇಯಿಸಿದರೂ ಒಲೆ ಹಚ್ಚುವುದು ಒಂದೇ ಸಲ, ತರಕಾರಿಗೆ ಸಂತೆಗೆ ಹೋಗಿಬರುವ ಬಸ್ ಚಾರ್ಜೂ ಒಂದೇ. ಮಕ್ಕಳು ಹೆಚ್ಚಿದ್ದಾಗ ಸಾರಿಗೆ ಎರಡು ಬಗೆ ತರಕಾರಿ ಬೀಳುತ್ತದೆ, ಕಡಿಮೆಯಾದಾಗ ಕೈ ಕಟ್ಟಿಹೋಗುತ್ತದೆ. ಸಣ್ಣ ಕೇಂದ್ರಕ್ಕೆ ದಾಖಲಾತಿ ಇಳಿದಾಗ ಮೊದಲು ಬಿಸಿ ತಟ್ಟುವುದು ತಟ್ಟೆಗೆ.

ಇದರ ಜೊತೆ ರಾಜ್ಯದ ಯೋಜನೆಗಳಿವೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲು ಅಂಗನವಾಡಿ ಮಕ್ಕಳಿಗೂ ಸಿಗುತ್ತದೆ, ಸೃಷ್ಟಿ ಯೋಜನೆಯಲ್ಲಿ ಮೊಟ್ಟೆ ಬರುತ್ತದೆ. ಇವೆಲ್ಲ ಯಾಕೆ ಮುಖ್ಯ ಎಂದರೆ, 2019-21ರ ಸಮೀಕ್ಷೆಯಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಗೆ ಹೋಲಿಸಿದರೆ ಈ ಪ್ರಮಾಣ ಒಂದು ಅಂಶದಷ್ಟೂ ಇಳಿದಿರಲಿಲ್ಲ.

ಗೌರವಧನ ಯಾಕೆ ಸಂಬಳವಾಗಲಿಲ್ಲ?

ಇದರ ಹಿಂದೆ ಕರ್ನಾಟಕದ್ದೇ ಒಂದು ಪ್ರಕರಣವಿದೆ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರು ಯೋಜನೆಯೊಂದರ ಕೆಳಗೆ ದುಡಿಯುವವರು, ಸರ್ಕಾರದ ನಾಗರಿಕ ಹುದ್ದೆ ಹೊಂದಿದವರಲ್ಲ ಎಂದು ತೀರ್ಪು ಕೊಟ್ಟಿತು. ಹದಿನಾರು ವರ್ಷಗಳ ಬಳಿಕ, 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಮಣಿಬೆನ್ ಮಗನ್‌ಭಾಯ್ ಭರಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇವರಿಗೆ ಗ್ರಾಚ್ಯುಟಿ ಕೊಡಲೇಬೇಕು ಎಂದಿತು. ಆಹಾರ ಭದ್ರತಾ ಕಾಯ್ದೆಯಂಥ ಕಾನೂನುಗಳ ಹೊಣೆಯನ್ನು ಹೊತ್ತವರು ಇವರೇ ಎಂಬುದನ್ನು ನ್ಯಾಯಮೂರ್ತಿಗಳು ಗುರುತಿಸಿದರು.

ಕಾನೂನು ಒಪ್ಪಿದ್ದನ್ನು ಬಜೆಟ್ ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರ ಓದನ್ನು ಹಕ್ಕಾಗಿಸಿತು. ಮೂರರಿಂದ ಆರರವರೆಗಿನ ಕಲಿಕೆಯನ್ನು 11ನೇ ಸೆಕ್ಷನ್ನಿನಲ್ಲಿ ಸರ್ಕಾರದ ಇಚ್ಛೆಗೆ ಬಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮಗುವಿನ ಮೆದುಳಿನ ಬೆಳವಣಿಗೆಯ ನೂರಕ್ಕೆ 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎನ್ನುತ್ತದೆ. ಅಷ್ಟು ಮುಖ್ಯವಾದ ಮೂರು ವರ್ಷಗಳನ್ನು ನಾವು ಅತಿ ಕಡಿಮೆ ಸಂಬಳದ, ಅತಿ ಹೆಚ್ಚು ಕೆಲಸದ ಹೆಣ್ಣುಮಗಳ ಹೆಗಲಿಗೆ ಹಾಕಿದ್ದೇವೆ. ಇದು ಸರಿಯಾಗದೆ ದಾಖಲಾತಿ ಹೆಚ್ಚಿಸುವ ಯಾವ ಆಂದೋಲನವೂ ಗಟ್ಟಿಯಾಗಿ ನಿಲ್ಲದು.

ಎಲ್‌ಕೆಜಿ ಬಂದ ಮೇಲೆ

ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ 2019ರಿಂದ ಎಲ್‌ಕೆಜಿ, ಯುಕೆಜಿ ನಡೆಯುತ್ತಿವೆ. ಆಮೇಲೆ ಬೇರೆ ಸರ್ಕಾರಿ ಶಾಲೆಗಳಿಗೂ, ಮುಖ್ಯವಾಗಿ ಕಲ್ಯಾಣ ಕರ್ನಾಟಕದಲ್ಲಿ, ಅವನ್ನು ವಿಸ್ತರಿಸಲಾಯಿತು. ನಾಲ್ಕು, ಐದು ವರ್ಷದವರು ಅಲ್ಲಿಗೆ ಹೋದರೆ ಅಂಗನವಾಡಿಯಲ್ಲಿ ಮೂರು ವರ್ಷದವರಷ್ಟೇ ಉಳಿಯುತ್ತಾರೆ. ಈ ಆತಂಕದಿಂದಲೇ 2024ರ ಜೂನ್‌ನಲ್ಲಿ ಅಂಗನವಾಡಿ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು. ಅದರ ಬೆನ್ನಿಗೇ ಬೆಂಗಳೂರಿನ ಆಯ್ದ ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿಗಳಾಗಿ ಮೇಲ್ದರ್ಜೆಗೆ ಏರಿಸುವ ಕೆಲಸ ಶುರುವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳನ್ನು ಶಾಲೆಯ ಆವರಣದಲ್ಲೇ ನಡೆಸುವ ಬಗ್ಗೆ ಮಾರ್ಗಸೂಚಿ ಹೊರಡಿಸಿತು.

ಎರಡು ಸರ್ಕಾರಿ ಇಲಾಖೆಗಳು ಅದೇ ಹದಿನೈದು ಇಪ್ಪತ್ತು ಮಕ್ಕಳಿಗಾಗಿ ಪೈಪೋಟಿಗೆ ಇಳಿಯುವುದು ಸಣ್ಣ ಊರುಗಳಿಗೆ ಒಳ್ಳೆಯದಲ್ಲ. ಶಾಲೆ ಹತ್ತಿರವಿದ್ದರೆ ಅಂಗನವಾಡಿಯನ್ನು ಅಲ್ಲಿಗೇ ತಂದು, ಕಾರ್ಯಕರ್ತೆ ಮತ್ತು ಒಂದನೇ ತರಗತಿಯ ಶಿಕ್ಷಕರು ಒಟ್ಟಿಗೆ ಯೋಜಿಸಿ ಕಲಿಸುವುದು ಮೇಲು. ಶಾಲೆ ದೂರವಿದ್ದರೆ ಮೂರು ವರ್ಷದ ಮಗುವನ್ನು ಹೆದ್ದಾರಿ ದಾಟಿಸುವುದು ಬೇಡ; ಕೇಂದ್ರ ಮನೆಯ ಹತ್ತಿರವೇ ಇರಲಿ.

ನಿಮ್ಮ ಮಗ ಮತ್ತು ನಿಮ್ಮ ಊರು

ರಾಜ್ಯದ ನಿಯಮದಂತೆ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ಕ್ಕೆ ಮಾತ್ರ ಎಂದು ಕೊಟ್ಟ ಸಡಿಲಿಕೆ ಬಿಟ್ಟರೆ ಇದೇ ನಿಯಮ. ಅಂದರೆ ನಿಮ್ಮ ಮಗನಿಗೆ ಹತ್ತಿರ ಹತ್ತಿರ ಮೂರು ವರ್ಷ ಸಮಯವಿದೆ. ಒಂದನೇ ತರಗತಿಗೆ ಸೇರಿಸುವಾಗ ಮಗುವನ್ನು ಪರೀಕ್ಷಿಸಿ ಆಯ್ಕೆ ಮಾಡುವುದನ್ನು ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಹಾಗಾಗಿ ಎಬಿಸಿಡಿ ಬರೆಯಲು ಬರದಿದ್ದರೆ ಸೀಟು ತಪ್ಪುತ್ತದೆ ಎಂಬ ಭಯ ಬೇಡ.

ಮೂರು ವರ್ಷದ ಮಗುವಿಗೆ ಬೇಕಾದ್ದು ಪುಟಗಟ್ಟಲೆ ಬರೆಯುವುದಲ್ಲ. ತೊಗರಿ ಕಾಳು, ಅವರೆ ಕಾಳು, ಹುಣಸೆ ಬೀಜ ಬೆರೆಸಿ ಕೊಟ್ಟಾಗ ಮಗು ಅವನ್ನು ಬೇರೆ ಬೇರೆ ಮಾಡುವುದನ್ನು ನೋಡಿ. ಹೆಬ್ಬೆರಳು ತೋರುಬೆರಳು ಕೂಡಿಸಿ ಒಂದೊಂದೇ ಕಾಳು ಹಿಡಿಯುತ್ತದೆ, ಯಾವುದು ಯಾವ ಗುಂಪಿಗೆ ಎಂದು ಯೋಚಿಸುತ್ತದೆ, ಹುಣಸೆ ಬೀಜ ಯಾಕೆ ನುಣುಪು ಎಂದು ಕೇಳುತ್ತದೆ. ಪೆನ್ಸಿಲ್ ಹಿಡಿಯುವ ಬೆರಳು, ಲೆಕ್ಕ, ಮಾತು ಮೂರೂ ಅಲ್ಲಿ ತಯಾರಾಗುತ್ತವೆ. ಕರ್ನಾಟಕದ ಅಂಗನವಾಡಿಗಳಿಗೆ ರೂಪಿಸಿದ ‘ಚಿಲಿಪಿಲಿ’ ಪಠ್ಯಕ್ರಮ ಇಂಥ ಚಟುವಟಿಕೆಗಳ ಮೇಲೆಯೇ ನಿಂತಿದೆ. ಅದು ಮನೆಮಾತಿನಲ್ಲಿ ನಡೆಯುತ್ತದೆ ಎಂಬುದು ಇನ್ನೊಂದು ದೊಡ್ಡ ಅನುಕೂಲ.

ಆದ್ದರಿಂದ ನನ್ನ ಸಲಹೆ: ಮಗನನ್ನು ಅಂಗನವಾಡಿಗೆ ಸೇರಿಸಿ, ಜೊತೆಗೆ ನೀವೂ ತೊಡಗಿಕೊಳ್ಳಿ. ಪ್ರತಿ ಅಂಗನವಾಡಿಗೆ ಬಾಲ ವಿಕಾಸ ಸಮಿತಿ ಇರುತ್ತದೆ. ತರಕಾರಿ, ಮೊಟ್ಟೆಯಂಥ ಖರ್ಚಿನ ಹಣ ನಿರ್ವಹಿಸುವುದರಲ್ಲಿ ಸಮಿತಿಯ ಅಧ್ಯಕ್ಷರಿಗೂ ಪಾಲಿದೆ. ಸಮಿತಿ ಹೆಸರಿಗಷ್ಟೇ ಇದ್ದರೆ ಸಭೆ ಕರೆಸಿ, ಮಕ್ಕಳ ತಾಯಂದಿರು ಅದರಲ್ಲಿ ಕೂರಿ.

ಆ ಸಭೆಯಲ್ಲಿ ಮೂರು ಕೆಲಸ ಆಗಲಿ. ಮೊದಲನೆಯದು, ಕಾರ್ಯಕರ್ತೆಯ ಬಳಿ ಇರುವ ಮನೆ ಮನೆ ಸಮೀಕ್ಷೆಯ ಪುಸ್ತಕ ನೋಡಿ, ಮೂರರಿಂದ ಆರು ವರ್ಷದ ಮಕ್ಕಳು ಎಷ್ಟು, ಎಲ್ಲಿದ್ದಾರೆ ಎಂದು ಪಟ್ಟಿ ಮಾಡಿ. ಮನೆಯಲ್ಲೇ ಉಳಿದ ಮಕ್ಕಳನ್ನು ಮೊದಲು ಕರೆತನ್ನಿ. ಎರಡನೆಯದು, ಸಹಾಯಕಿಯ ಹುದ್ದೆ ತುಂಬುವಂತೆ ಸಿಡಿಪಿಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಟ್ಟು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನ ದೂರು ಮರುದಿನಕ್ಕೆ ಮರೆತುಹೋಗುತ್ತದೆ, ನಡಾವಳಿಗೆ ಉತ್ತರ ಕೊಡಬೇಕಾಗುತ್ತದೆ. ಮೂರನೆಯದು, ಬೆಳಗಿನ ಎರಡು ಗಂಟೆ ಮಕ್ಕಳದ್ದು ಎಂದು ಊರೇ ನಿರ್ಧರಿಸಲಿ. ಆ ಹೊತ್ತಿನಲ್ಲಿ ಯಾರೂ ಕಾರ್ಡು ಹಿಡಿದು ಹೋಗದಿರಲಿ, ಮಾಹಿತಿ ಕೇಳಿ ಟೀಚರನ್ನು ಎಬ್ಬಿಸದಿರಲಿ. ಇಲಾಖೆಯ ಸಭೆಗಳನ್ನೂ ಮಧ್ಯಾಹ್ನಕ್ಕೆ ಇಡುವಂತೆ ಮೇಲ್ವಿಚಾರಕಿಯನ್ನು ಕೇಳಿ.

ಈ ಕೆಲಸಗಳಿಗೆ ಹಣ ಬೇಕಿಲ್ಲ. ಹಣ ಬೇಕಾದ ಕೆಲಸ ಸರ್ಕಾರದ್ದು: ಎಂಟು ರೂಪಾಯಿಯ ದರ ಏರಬೇಕು, ಯಾವ ಕೇಂದ್ರವೂ ಸಹಾಯಕಿ ಇಲ್ಲದೆ ನಡೆಯಬಾರದು, ಕಲಿಸುವ ಹೆಣ್ಣುಮಗಳಿಗೆ ಶಿಕ್ಷಕಿಯ ಸಂಬಳ ಸಿಗಬೇಕು. ಹನ್ನೊಂದು ಮಕ್ಕಳ ತಂದೆ ತಾಯಿ ಒಟ್ಟಾಗಿ ಕೇಳಿದರೆ ಸ್ಥಳೀಯ ಕಚೇರಿ ಓಗೊಡುತ್ತದೆ. ಅಂಥ ಸಾವಿರಾರು ಊರುಗಳು ಕೇಳಿದರೆ ಮುಂದಿನ ಬಜೆಟ್ಟೂ ಓಗೊಡಲೇಬೇಕು.